ನೀರಿನ ದಿಣ್ಣೆಯನ್ನು ದಾಟಿದ ದೋಣಿಗಳು

ಈ ದಿನ ದೋಣಿಗಳ ಚರಿತ್ರೆಯನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆಂದು ತಿಳಿಸಿದಾಗ ಸ್ನೇಹಿತರೊಬ್ಬರು ನಕ್ಕುಬಿಟ್ಟರು. “ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಇವುಗಳ ಕಡೆಯವರಿಗೆ ದೋಣಿಯ ವಿಚಾರವೇ? ಅಲ್ಲಿ ನದಿಯನ್ನು ದಾಟುವುದಕ್ಕೆ ಚಪ್ಪಲಿ ಕಳಚಿದರೆ ಸಾಕಲ್ಲ!” ಎಂದರು. ಅವರ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಘ್ನಿ ಇವೆಲ್ಲ ಆ ಸೀಮೆಯ ಬೆಟ್ಟಗಳಲ್ಲಿ ಹುಟ್ಟುವ ನದಿಗಳೇ. ಆದರೆ ಹುಟ್ಟಿದ ನಾಡಿನಲ್ಲಿ ಅವು ವರ್ಷವಿಡೀ ಹರಿಯುವುದಿಲ್ಲ. ಅಲ್ಲಿಯ ಜನ ನೀರನ್ನು ಕಂಡಿರುವುದು ಹೆಚ್ಚಾಗಿ ಕೆರೆಗಳಲ್ಲಿ. ಏರಿಯ ಮೇಲೆ ನಿಂತು ಕೆರೆ ತುಂಬಿತೇ, ಕೋಡಿ ಹರಿಯಿತೇ ಎಂದು ನೋಡುವುದೇ ಅವರ ನೌಕಾಶಾಸ್ತ್ರವೆಂದರೂ ತಪ್ಪಾಗಲಾರದು.

ಆದರೂ ಆ ಕೆರೆಯ ಏರಿಯ ಮೇಲೆ ಆಡಿದ ಹುಡುಗರೆಲ್ಲರೂ ನಮ್ಮ ಇಂದಿನ ವಿಷಯದ ಮೊದಲ ಪಾಠವನ್ನು ಕಲಿತಿದ್ದಾರೆ. ಒಡೆದ ಮಡಕೆಯ ಚಪ್ಪಟೆಯಾದ ಓಡೊಂದನ್ನು ಆರಿಸಿಕೊಂಡು, ಸೊಂಟವನ್ನು ಬಗ್ಗಿಸಿ, ನೀರಿಗೆ ಸಮನಾಗಿ ಬೀಸಿ ಎಸೆದರೆ ಅದು ನೀರನ್ನು ಮುಟ್ಟಿ ಪುಟಿದು, ಮತ್ತೆ ಮುಟ್ಟಿ ಮತ್ತೆ ಪುಟಿದು, ನಾಲ್ಕಾರು ನೆಗೆತಗಳ ಅನಂತರ ಮುಳುಗುತ್ತದೆ. ಓಡು ನೀರಿಗಿಂತ ಭಾರ. ನಿಂತರೆ ಮುಳುಗುವ ವಸ್ತು. ಓಡುತ್ತಿರುವವರೆಗೆ ಮಾತ್ರ ತೇಲುತ್ತದೆ. ಅದನ್ನು ಎತ್ತಿ ಹಿಡಿಯುವುದು ವೇಗದಿಂದ ಅದರ ಅಡಿಗೆ ಬಡಿಯುವ ನೀರು. ಈ ಆಟವನ್ನೇ ಟನ್ನುಗಟ್ಟಲೆ ಭಾರವಾದ ದೋಣಿಗೆ ಕಲಿಸುವುದು ಹೇಗೆಂಬುದೇ ಯಂತ್ರಕುಶಲರನ್ನು ಶತಮಾನಕ್ಕೂ ಹೆಚ್ಚು ಕಾಲ ಕಾಡಿದ ಪ್ರಶ್ನೆ. ಆ ಕಥೆಯ ಒಂದು ಅಧ್ಯಾಯ ನಂದಿಬೆಟ್ಟದಿಂದ ಬಹಳ ದೂರವೇನೂ ಇಲ್ಲದ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ನಡೆಯಿತೆಂಬುದನ್ನು ಹಲವರು ಮರೆತಿದ್ದಾರೆ. ಅದನ್ನು ನೆನಪಿಗೆ ತರುವುದೇ ನಮ್ಮ ಉದ್ದೇಶ.

ಮೊದಲು ಕಷ್ಟವೇನೆಂಬುದನ್ನು ತಿಳಿಯೋಣ. ನಿಂತ ದೋಣಿಯನ್ನು ನೀರು ಹೊರುವುದು ಆರ್ಕಿಮಿಡೀಸನ ನಿಯಮದಂತೆ: ದೋಣಿಯ ತೂಕವೆಷ್ಟೋ ಅಷ್ಟು ತೂಕದ ನೀರು ಪಕ್ಕಕ್ಕೆ ಸರಿದು ಜಾಗ ಕೊಡುತ್ತದೆ. ದೋಣಿ ಮುಂದಕ್ಕೆ ಹೊರಟಾಗ ಆ ನೀರನ್ನು ಎಡೆಬಿಡದೆ ಸರಿಸುತ್ತಲೇ ಹೋಗಬೇಕು. ಸರಿದ ನೀರು ಸುಮ್ಮನಿರದೆ ಅಲೆಯಾಗುತ್ತದೆ. ವೇಗ ಹೆಚ್ಚಿದಂತೆಲ್ಲ ಅಲೆಯ ಉದ್ದವೂ ಹೆಚ್ಚುತ್ತದೆ. ಕೊನೆಗೆ ಒಂದು ವೇಗದಲ್ಲಿ ಅಲೆಯ ಉದ್ದವೂ ದೋಣಿಯ ಉದ್ದವೂ ಸಮವಾಗುತ್ತವೆ. ಅದನ್ನು ಮೀರತೊಡಗಿದಾಗ ದೋಣಿಯ ಮೂತಿ ಒಂದು ಅಲೆಯ ನೆತ್ತಿಯ ಮೇಲೂ ಹಿಂಭಾಗ ಅಲೆಯ ತಗ್ಗಿನ ಕಡೆಗೂ ಇದ್ದು, ದೋಣಿ ತಾನೇ ಎಬ್ಬಿಸಿದ ನೀರಿನ ದಿಣ್ಣೆಯನ್ನು ತಾನೇ ಹತ್ತಬೇಕಾಗುತ್ತದೆ. ೩೬ ಅಡಿ ಉದ್ದದ ದೋಣಿಗೆ ಈ ಸ್ಥಿತಿ ಗಂಟೆಗೆ ಸುಮಾರು ೯ ಮೈಲಿಯ ವೇಗದಲ್ಲಿಯೇ ಒದಗುತ್ತದೆ. ಸಾಮಾನ್ಯ ದೋಣಿಗಳು ಇಲ್ಲಿಗೇ ನಿಲ್ಲುತ್ತವೆ. ಇದರಾಚೆಗೆ ಯಂತ್ರದ ಬಲವನ್ನು ಇಮ್ಮಡಿ ಮಾಡಿದರೂ ಮೂತಿ ಇನ್ನಷ್ಟು ಮೇಲೇಳುವುದು, ಹಿಂಭಾಗ ಇನ್ನಷ್ಟು ಕುಸಿಯುವುದು. ವೇಗ ಮಾತ್ರ ಅಷ್ಟಾಗಿ ಏರದು.

ದಿಣ್ಣೆಯನ್ನು ಹೇಗಾದರೂ ದಾಟಿದ ದೋಣಿಯ ಸ್ಥಿತಿಯೇ ಬೇರೆ. ಅದರ ಅಡಿಗೆ ಬಡಿಯುವ ನೀರು ಅದನ್ನು ಮೇಲಕ್ಕೆತ್ತುತ್ತದೆ. ಮೂತಿ ಇಳಿದು ದೋಣಿ ಹೆಚ್ಚುಕಡಿಮೆ ಸಮನಾಗುತ್ತದೆ. ನೀರಿನೊಳಗಿರುವ ಭಾಗ ಕಡಿಮೆಯಾಗುತ್ತದೆ. ಆಗ ಯಂತ್ರಕ್ಕೆ ಉಸಿರು ಬಂದಂತಾಗಿ ವೇಗ ತಾನಾಗಿ ಏರುತ್ತದೆ. ಮಡಕೆಯ ಓಡಿನ ಸ್ಥಿತಿ ಇದೇ.

ಗೌರಿಬಿದನೂರಿನ ಸಂತೆಗೆ ಮೂಟೆಗಳನ್ನು ಹೇರಿಕೊಂಡು ಹೋಗುತ್ತಿದ್ದ ಬಂಡಿಯವರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ದಿಣ್ಣೆಯ ಬುಡದಲ್ಲಿಯೇ ಎತ್ತುಗಳಿಗೆ ಹುರುಪು ತುಂಬಿ ಓಡಿಸಬೇಕು. ನಡುವೆ ನಿಂತರೆ ಬಂಡಿ ಹಿಂದಕ್ಕೆ ಜಾರುತ್ತದೆ. ಭಾರ ಹಿಂದಕ್ಕೆ ಹೆಚ್ಚಿದ್ದರೆ ನೊಗ ಎತ್ತಿನ ಹೆಗಲಿನಿಂದ ಮೇಲೇಳುತ್ತದೆ. ಆದುದರಿಂದ ಬಂಡಿಯವನು ಮುಂದಕ್ಕೆ ಸರಿದು ಮೂಕಿಯ ಮೇಲೆ ಕುಳಿತುಕೊಳ್ಳುತ್ತಾನೆ. ದಿಣ್ಣೆ ಹತ್ತಿದ ಮೇಲೆ ಅದೇ ಎತ್ತುಗಳು ಅದೇ ಭಾರವನ್ನು ಸಲೀಸಾಗಿ ಎಳೆಯುತ್ತವೆ. ನೀರಿನ ಮೇಲಿನ ಬಂಡಿಗೂ ಇದೇ ನ್ಯಾಯ. ವ್ಯತ್ಯಾಸವೊಂದುಂಟು: ನೆಲದ ದಿಣ್ಣೆ ಇದ್ದಲ್ಲಿಯೇ ಇರುತ್ತದೆ, ನೀರಿನ ದಿಣ್ಣೆ ದೋಣಿಯ ಸಂಗಡ ಬರುತ್ತದೆ.

ಈ ದಿಣ್ಣೆಯನ್ನು ದಾಟುವ ಯೋಚನೆಯನ್ನು ಮೊದಲು ಗಂಭೀರವಾಗಿ ಮುಂದಿಟ್ಟವನು ನಾವಿಕನಲ್ಲ, ಒಬ್ಬ ಪಾದ್ರಿ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಪ್ಲೇಡನ್ ಎಂಬ ಹಳ್ಳಿಯ ಚರ್ಚಿನಲ್ಲಿದ್ದ ಚಾರ್ಲ್ಸ್ ಮೀಡ್ ರೇಮಸ್ ಎಂಬಾತ ೧೮೭೨ರಲ್ಲಿ ಬ್ರಿಟಿಷ್ ನೌಕಾಶಾಖೆಗೆ ಒಂದು ಸಲಹೆಯನ್ನು ಕೊಟ್ಟನು. ಹಡಗಿನ ಅಡಿಯನ್ನು ಒಂದರ ಹಿಂದೊಂದಾಗಿ ಎರಡು ಬೆಣೆಗಳಂತೆ ಮಾಡಿದರೆ ಅದು ನೀರನ್ನು ಸೀಳುವುದರ ಬದಲು ನೀರಿನ ಮೇಲಕ್ಕೇರಿ ಜಾರುವುದೆಂದು ಅವನ ವಾದ. ಮೊದಲ ಬೆಣೆ ಮುಗಿದು ಎರಡನೆಯದು ಆರಂಭವಾಗುವಲ್ಲಿ ಅಡಿಗೆ ಒಂದು ಮೆಟ್ಟಿಲಿನಂತಹ ಒಡಕು ಉಂಟಾಗುತ್ತಿತ್ತು.

ನೌಕಾಶಾಖೆಯವರು ಈ ಸಲಹೆಯನ್ನು ಪರೀಕ್ಷಿಸುವಂತೆ ವಿಲಿಯಂ ಫ್ರೌಡ್ ಎಂಬ ವಿದ್ವಾಂಸನಿಗೆ ಒಪ್ಪಿಸಿದರು. ಆತ ಅದೇ ಕಾಲದಲ್ಲಿ ಟಾರ್ಕೀ ಊರಿನ ತನ್ನ ಮನೆಯ ಬಳಿ ೨೭೮ ಅಡಿ ಉದ್ದದ ಒಂದು ನೀರಿನ ತೊಟ್ಟಿಯನ್ನು ಕಟ್ಟಿಸಿ, ಹಡಗುಗಳ ಸಣ್ಣ ಮಾದರಿಗಳನ್ನು ಅದರಲ್ಲಿ ಎಳೆದು ನೀರಿನ ತಡೆಯನ್ನು ಅಳೆಯುತ್ತಿದ್ದನು. ಚಿಕ್ಕ ಮಾದರಿಯಿಂದ ದೊಡ್ಡ ಹಡಗಿನ ಗುಣವನ್ನು ಲೆಕ್ಕ ಹಾಕುವ ನಿಯಮ ಇಂದಿಗೂ ಅವನ ಹೆಸರಿನಲ್ಲಿದೆ. ರೇಮಸನ ಮಾದರಿಗಳನ್ನು ಎಳೆದು ನೋಡಿ ಫ್ರೌಡ್ ಹೇಳಿದ್ದಿಷ್ಟು: ಹೆಚ್ಚಿನ ವೇಗದಲ್ಲಿ ಇದು ಮೇಲೇಳುವುದು ನಿಜ, ಆದರೆ ಆ ವೇಗಕ್ಕೆ ಹಡಗನ್ನು ಮುಟ್ಟಿಸುವಂತಹ ಯಂತ್ರ ಇಂದು ಯಾರ ಕೈಯಲ್ಲಿಯೂ ಇಲ್ಲ, ಅದಕ್ಕಿಂತ ಕೆಳಗಿನ ವೇಗದಲ್ಲಿ ಈ ಆಕಾರದಿಂದ ನಷ್ಟವೇ ಹೆಚ್ಚು. ಪಾದ್ರಿಯ ಎಣಿಕೆ ಸರಿಯಾಗಿತ್ತು. ವಿದ್ವಾಂಸನ ತೀರ್ಪೂ ಸರಿಯಾಗಿತ್ತು. ಉಗಿಯಂತ್ರದ ಯುಗದಲ್ಲಿ ದಿಣ್ಣೆಯನ್ನು ಹತ್ತಿಸಬೇಕಾದ ಎತ್ತುಗಳೇ ಬಂಡಿಯ ಮೇಲಿನ ಮೂಟೆಗಿಂತ ಭಾರವಾಗಿದ್ದುವು.

ಪೆಟ್ರೋಲಿನ ಯಂತ್ರ ಬಂದ ಮೇಲೆ ಲೆಕ್ಕ ಬದಲಾಯಿತು. ೧೯೧೦ರಲ್ಲಿ ಇಂಗ್ಲೆಂಡಿನ ಥಾರ್ನಿಕ್ರಾಫ್ಟ್ ಕಟ್ಟಿದ ಮಿರಾಂಡಾ ಎಂಬ ಹೆಸರಿನ ನಾಲ್ಕನೆಯ ದೋಣಿ, ಕೇವಲ ೨೬ ಅಡಿ ಉದ್ದದ್ದು, ೧೨೦ ಅಶ್ವಶಕ್ತಿಯ ಯಂತ್ರದಿಂದ ಗಂಟೆಗೆ ಸುಮಾರು ೪೦ ಮೈಲಿ ಓಡಿತು. ಅದರ ಅಡಿಯಲ್ಲಿ ಒಂದೇ ಒಂದು ಮೆಟ್ಟಿಲಿತ್ತು. ಮೊದಲನೆಯ ಮಹಾಯುದ್ಧದಲ್ಲಿ, ೧೯೧೬ರಿಂದ, ಇದೇ ಜಾತಿಯ ೪೦ ಅಡಿ ಉದ್ದದ ದೋಣಿಗಳು ಟಾರ್ಪೆಡೋಗಳನ್ನು ಹೊತ್ತು ಸಮುದ್ರಕ್ಕಿಳಿದುವು.

ಮೆಟ್ಟಿಲಿನ ಮರ್ಮ ಇನ್ನೂ ಸ್ಪಷ್ಟವಾದದ್ದು ನೀರಿನಿಂದ ಹಾರಬೇಕಾಗಿದ್ದ ದೋಣಿಗಳಲ್ಲಿ. ೧೯೧೨ರ ಬೇಸಗೆಯಲ್ಲಿ ಅಮೆರಿಕದ ಹ್ಯಾಮಂಡ್ಸ್‌ಪೋರ್ಟಿನ ಸರೋವರದ ಮೇಲೆ ಗ್ಲೆನ್ ಕರ್ಟಿಸ್ ತನ್ನ ಹಾರುವ ದೋಣಿಯನ್ನು ಮೇಲೆಬ್ಬಿಸಲು ಹೆಣಗುತ್ತಿದ್ದನು. ಯಂತ್ರಕ್ಕೆ ಬಲವಿತ್ತು, ರೆಕ್ಕೆಗಳಿಗೆ ಅಗಲವಿತ್ತು. ಆದರೂ ನೀರು ದೋಣಿಯ ನಯವಾದ ಅಡಿಗೆ ಅಂಟಿಕೊಂಡು ಬಿಡಲೊಲ್ಲದು. ಅಡಿಯ ನಡುವೆ ಒಂದು ಮೆಟ್ಟಿಲನ್ನು ಕೂಡಿಸಿದ ಮೇಲೆ ದೋಣಿ ಎದ್ದಿತು. ಒದ್ದೆಯಾದ ಎರಡು ಗಾಜಿನ ಹಾಳೆಗಳನ್ನು ಮೇಲಕ್ಕೆಳೆದು ಬೇರ್ಪಡಿಸಲಾಗದು. ಅಂಚಿನಲ್ಲಿ ಸ್ವಲ್ಪ ಗಾಳಿ ನುಗ್ಗಿದರೆ ಸುಲಭವಾಗಿ ಬಿಡುತ್ತವೆ. ಮೆಟ್ಟಿಲು ಮಾಡಿದ ಉಪಕಾರವೂ ಅಂತಹುದೇ. ಅದು ದೋಣಿಯ ಅಡಿಗೆ ಗಾಳಿಯನ್ನು ಬರಮಾಡಿಕೊಂಡಿತು. ನೀರಿನ ಹಿಡಿತವನ್ನು ಬಿಡಿಸುವುದಕ್ಕೆ ಬಲದಷ್ಟೇ ಗಾಳಿಯೂ ಬೇಕೆಂಬ ಈ ಪಾಠ ಮುಂದೆ ಮತ್ತೊಂದು ರೂಪದಲ್ಲಿ ಬರುವುದರಿಂದ ಶ್ರೋತೃಗಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಇಲ್ಲಿಯವರೆಗೆ ದೋಣಿಯ ಅಡಿಯ ವಿಚಾರವಾಯಿತು. ಅದನ್ನು ನೂಕುವ ಪ್ರೊಪೆಲ್ಲರಿನ ಕಷ್ಟ ಬೇರೆಯೇ ಇದೆ. ೧೮೯೪ರಲ್ಲಿ ಚಾರ್ಲ್ಸ್ ಪಾರ್ಸನ್ಸ್ ತನ್ನ ಹೊಸ ಟರ್ಬೈನ್ ಯಂತ್ರವನ್ನಿಟ್ಟು ಟರ್ಬೀನಿಯಾ ಎಂಬ ಹಡಗನ್ನು ಓಡಿಸಿದಾಗ, ಯಂತ್ರ ರಭಸದಿಂದ ತಿರುಗಿದರೂ ಹಡಗಿಗೆ ಎಣಿಸಿದ ವೇಗ ಬರಲಿಲ್ಲ. ಅತಿ ವೇಗದಿಂದ ತಿರುಗುವ ರೆಕ್ಕೆಯ ಹಿಂಬದಿಯಲ್ಲಿ ಒತ್ತಡ ಇಳಿದು, ತಣ್ಣಗಿನ ನೀರೇ ಆವಿಯಾಗಿ ಗುಳ್ಳೆಗಳೆದ್ದು, ರೆಕ್ಕೆಗೆ ಹಿಡಿತ ತಪ್ಪಿಹೋಗುತ್ತಿತ್ತು. ಆ ಗುಳ್ಳೆಗಳು ಕುಸಿಯುವಾಗ ಲೋಹವನ್ನೂ ಕೊರೆಯುತ್ತವೆ. ಪಾರ್ಸನ್ಸ್ ಮೂರು ದಂಡಗಳಿಗೆ ಮೂರು ಮೂರರಂತೆ ಒಂಬತ್ತು ಪ್ರೊಪೆಲ್ಲರುಗಳನ್ನು ಹಾಕಿ, ಕೆಲಸವನ್ನು ಹಂಚಿ, ಈ ತೊಂದರೆಯನ್ನು ಕಳೆದುಕೊಂಡನು. ೧೮೯೭ರಲ್ಲಿ ವಿಕ್ಟೋರಿಯಾ ರಾಣಿಯವರ ವಜ್ರ ಮಹೋತ್ಸವದ ನೌಕಾಪ್ರದರ್ಶನದಲ್ಲಿ ಟರ್ಬೀನಿಯಾ ಯಾರ ಅಪ್ಪಣೆಯನ್ನೂ ಕೇಳದೆ ಹಡಗುಗಳ ಸಾಲುಗಳ ನಡುವೆ ಓಡಿದ ಪ್ರಸಂಗ ಪ್ರಸಿದ್ಧವಾಗಿದೆ.

ಪಾರ್ಸನ್ಸ್ ಗುಳ್ಳೆಗಳು ಬಾರದಂತೆ ತಡೆದನು. ಕೆನಡಾದಲ್ಲಿ ಹುಟ್ಟಿದ ಆಲ್ಬರ್ಟ್ ಹಿಕ್‌ಮನ್ ಅದಕ್ಕೆ ವಿರುದ್ಧವಾದ ಹಾದಿಯನ್ನು ಹಿಡಿದನು. ಪ್ರೊಪೆಲ್ಲರನ್ನು ಪೂರ್ತಿಯಾಗಿ ಮುಳುಗಿಸುವುದೇಕೆ? ಅದನ್ನು ದೋಣಿಯ ಹಿಂದೆ ನೀರಿನ ಮೇಲ್ಮೈಯಲ್ಲಿಟ್ಟರೆ ಪ್ರತಿಯೊಂದು ರೆಕ್ಕೆಯೂ ಅರ್ಧ ಸುತ್ತು ಗಾಳಿಯಲ್ಲಿ, ಅರ್ಧ ಸುತ್ತು ನೀರಿನಲ್ಲಿ ಚಲಿಸುತ್ತದೆ. ನೀರಿಗಿಳಿಯುವಾಗ ಪ್ರತಿ ರೆಕ್ಕೆಯೂ ತನ್ನ ಬೆನ್ನಿಗೆ ಗಾಳಿಯನ್ನು ತೆಗೆದುಕೊಂಡೇ ಇಳಿಯುತ್ತದೆ. ಗಾಳಿ ತುಂಬಿದ ಜಾಗದಲ್ಲಿ ಆವಿಯ ಗುಳ್ಳೆಗಳಿಗೆ ಅವಕಾಶವಿಲ್ಲ, ಲೋಹವೂ ಉಳಿಯುತ್ತದೆ. ಪ್ರೊಪೆಲ್ಲರಿನ ದಂಡವೂ ಅದನ್ನು ಹಿಡಿದಿಡುವ ಆಧಾರಗಳೂ ನೀರಿನಿಂದ ಹೊರಗಿರುವುದರಿಂದ ಅವುಗಳ ತಡೆಯೂ ಇಲ್ಲ. ಹಿಕ್‌ಮನ್ನನ ಈ ‘ಸೀ ಸ್ಲೆಡ್’ ದೋಣಿಗಳ ಅಡಿ ಮಗುಚಿದ ದೋಣಿಯ ಹಾಗಿತ್ತು. ಅಂಚುಗಳು ಕೆಳಗೆ, ನಡುವೆ ಗಾಳಿ ಹೋಗುವ ಕಾಲುವೆ. ೧೯೧೯ರ ಮಾರ್ಚ್ ೭ರಂದು ಅಮೆರಿಕದ ನೌಕಾದಳದವರು ಇಂತಹ ದೋಣಿಯ ಬೆನ್ನಿನ ಮೇಲೆ ಒಂದು ವಿಮಾನವನ್ನಿಟ್ಟು, ದೋಣಿಯನ್ನು ಗಂಟೆಗೆ ೫೭ ಮೈಲಿಯ ವೇಗಕ್ಕೆ ಮುಟ್ಟಿಸಿ, ಅಲ್ಲಿಂದಲೇ ವಿಮಾನವನ್ನು ಹಾರಿಸಿದರು. ೧೯೫೦ರಲ್ಲಿ ಸಿಯಾಟಲ್ ನಗರದ ಸರೋವರದಲ್ಲಿ ಗಂಟೆಗೆ ೧೬೦ ಮೈಲಿಯನ್ನು ಮೀರಿ ಓಡಿ ದಾಖಲೆ ಸ್ಥಾಪಿಸಿದ ‘ಸ್ಲೋ ಮೋ ಶನ್’ ಮಾಲೆಯ ನಾಲ್ಕನೆಯ ದೋಣಿಯ ಪ್ರೊಪೆಲ್ಲರೂ ಅರ್ಧ ನೀರಿನಲ್ಲಿ ಅರ್ಧ ಗಾಳಿಯಲ್ಲಿ ತಿರುಗುತ್ತಿತ್ತು.

ಈಗ ನಮ್ಮ ನಾಡಿಗೆ ಬರೋಣ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿ ದೇಶದಲ್ಲೇ ಮೋಟಾರುಗಳನ್ನು ತಯಾರಿಸುವ ಕಾರ್ಖಾನೆಗಾಗಿ ಶ್ರಮಿಸಿದರು. ಆ ಪ್ರಯತ್ನದಲ್ಲಿ ಅವರ ಜೊತೆಗಿದ್ದವರು ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದರು. ೧೯೩೯ರಲ್ಲಿ ಇದೇ ವಾಲ್‌ಚಂದರು ಅಮೆರಿಕದಿಂದ ಪೆಸಿಫಿಕ್ ಸಾಗರವನ್ನು ವಿಮಾನದಲ್ಲಿ ದಾಟುತ್ತಿದ್ದಾಗ ವಿಲಿಯಂ ಪಾಲೀ ಎಂಬ ಅಮೆರಿಕನ್ನರ ಪರಿಚಯವಾಯಿತು. ಪಾಲೀಯವರು ಚೀನಾ ದೇಶದಲ್ಲಿ ವಿಮಾನ ಕಾರ್ಖಾನೆಯನ್ನು ನಡೆಸುತ್ತಿದ್ದವರು. ಮಾತು ಬೆಳೆದು, ಭಾರತದಲ್ಲಿಯೂ ಅಂತಹ ಕಾರ್ಖಾನೆ ಏಕಾಗಬಾರದೆಂಬ ಯೋಚನೆ ಮೊಳೆಯಿತು. ಆ ಕಾಲದಲ್ಲಿ ಪೆಸಿಫಿಕ್ಕನ್ನು ದಾಟುತ್ತಿದ್ದ ಪ್ರಯಾಣಿಕರ ವಿಮಾನಗಳು ‘ಕ್ಲಿಪ್ಪರ್’ ಎಂಬ ಹಾರುವ ದೋಣಿಗಳು. ಆದುದರಿಂದ ಬೆಂಗಳೂರಿನ ವಿಮಾನ ಕಾರ್ಖಾನೆಯ ಮೊದಲ ಯೋಚನೆ ಹುಟ್ಟಿದ್ದೇ ನೀರಿನ ದಿಣ್ಣೆಯನ್ನು ದಾಟಿ ಹಾರಿದ ಒಂದು ದೋಣಿಯಲ್ಲಿ ಎನ್ನಬಹುದು.

ಮೈಸೂರು ಸರ್ಕಾರ ಭೂಮಿಯನ್ನು ಕೊಟ್ಟು, ಹಣವನ್ನೂ ಹಾಕಿ ಪಾಲುದಾರನಾಯಿತು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲವದು. ೧೯೪೦ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿ ಸ್ಥಾಪಿತವಾಯಿತು. ಯುದ್ಧ ಪೂರ್ವದೇಶಗಳಿಗೆ ಹಬ್ಬಿದ ಮೇಲೆ ಭಾರತ ಸರ್ಕಾರ ಅದರ ಹೊಣೆಯನ್ನು ವಹಿಸಿಕೊಂಡಿತು; ೧೯೪೩ರಲ್ಲಿ ಅಮೆರಿಕದ ಸೈನ್ಯದವರು ಅಲ್ಲಿಯ ಆಡಳಿತವನ್ನು ಕೈಗೆ ತೆಗೆದುಕೊಂಡು ಅದನ್ನು ದೊಡ್ಡ ದುರಸ್ತಿ ಕೇಂದ್ರವನ್ನಾಗಿ ಮಾಡಿದರು. ದುರಸ್ತಿಗೆ ಬರುತ್ತಿದ್ದ ವಿಮಾನಗಳಲ್ಲಿ ‘ಕಟಲೀನಾ’ ಎಂಬ ಹಾರುವ ದೋಣಿಗಳೂ ಇದ್ದುವು. ಸಮುದ್ರದಿಂದ ಇನ್ನೂರು ಮೈಲಿ ಒಳಗೆ, ಸಮುದ್ರಮಟ್ಟದಿಂದ ಸುಮಾರು ೨,೯೦೦ ಅಡಿ ಎತ್ತರದಲ್ಲಿ, ಹಾರುವ ದೋಣಿ ಇಳಿಯುವುದೆಲ್ಲಿ? ಕಾರ್ಖಾನೆಯ ಮಗ್ಗುಲಿಗೇ ಬೆಳ್ಳಂದೂರು ಕೆರೆ ಇತ್ತು: ಸುಮಾರು ೯೦೦ ಎಕರೆ ವಿಸ್ತಾರ, ಎರಡು ಮೈಲಿಗೂ ಮಿಕ್ಕಿದ ಉದ್ದ. ಗದ್ದೆಗಳಿಗಾಗಿ ಹಿಂದಿನವರು ಕಟ್ಟಿದ ಆ ಕೆರೆ ಯುದ್ಧಕಾಲದಲ್ಲಿ ಹಾರುವ ದೋಣಿಗಳ ನಿಲ್ದಾಣವಾಯಿತು.

ಕಟಲೀನಾ ಹಗುರವಾದ ಆಟದ ದೋಣಿಯಲ್ಲ. ರೆಕ್ಕೆಗಳ ಹರವು ೧೦೪ ಅಡಿ. ಪೂರ್ಣವಾಗಿ ಹೇರಿದಾಗ ತೂಕ ಸುಮಾರು ೧೫ ಟನ್ನು. ಎರಡು ಯಂತ್ರಗಳು, ಒಂದೊಂದಕ್ಕೂ ೧,೨೦೦ ಅಶ್ವಶಕ್ತಿ. ಒಂದು ಅಶ್ವಶಕ್ತಿಗೆ ಯಂತ್ರದ ತೂಕ ಒಂದೂಕಾಲು ಪೌಂಡಿನಷ್ಟು ಮಾತ್ರ ಎಂಬುದನ್ನು ಫ್ರೌಡ್ ಕೇಳಿದ್ದರೆ ತನ್ನ ತೀರ್ಪನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದನು. ಆದರೂ ದಿಣ್ಣೆ ದಿಣ್ಣೆಯೇ. ಇಂತಹ ದೋಣಿಯನ್ನು ಎಬ್ಬಿಸುವಾಗ ಚಾಲಕನು ಮೊದಲು ಮೂತಿಯನ್ನು ಮೇಲಕ್ಕೆ ಹಿಡಿದು ಯಂತ್ರಗಳಿಗೆ ಪೂರ್ಣ ಬಲವನ್ನು ಕೊಡುತ್ತಾನೆ. ನೀರು ಎರಡು ಪಕ್ಕಕ್ಕೂ ಗೋಡೆಯಂತೆ ಏಳುತ್ತದೆ. ಯಂತ್ರಗಳ ಅಬ್ಬರ ಎಷ್ಟಿದ್ದರೂ ದೋಣಿ ಕೆಸರಿನಲ್ಲಿ ಸಿಕ್ಕಿದ ಬಂಡಿಯಂತೆ ತೆವಳುತ್ತದೆ. ಅದು ದಿಣ್ಣೆಯ ನೆತ್ತಿಗೆ ಬಂದಾಗ ಹಿಡಿಯನ್ನು ಮೆಲ್ಲನೆ ಮುಂದಕ್ಕೆ ಬಿಟ್ಟರೆ ಮೂತಿ ಇಳಿದು, ಮೆಟ್ಟಿಲಿನ ಮೇಲೆ ದೋಣಿ ನಿಂತು ಓಡತೊಡಗುತ್ತದೆ. ಹಿಡಿಯನ್ನು ಅತಿಯಾಗಿ ಬಿಟ್ಟರೆ ಮೂತಿ ಎದ್ದು ಬಿದ್ದು ಕುಣಿಯುತ್ತದೆ. ಬಿಡದೆ ಹೋದರೆ ದಿಣ್ಣೆ ಮುಗಿಯುವುದೇ ಇಲ್ಲ. ಕೊನೆಗೆ ರೆಕ್ಕೆಗಳು ಭಾರವನ್ನೆಲ್ಲ ಹೊತ್ತು ನೀರನ್ನು ಬಿಡಿಸಿಕೊಳ್ಳುತ್ತವೆ. ಮೂರು ಸಾವಿರ ಅಡಿ ಎತ್ತರದಲ್ಲಿ ಗಾಳಿ ಸಮುದ್ರಮಟ್ಟದಲ್ಲಿರುವುದಕ್ಕಿಂತ ಹನ್ನೆರಡರಲ್ಲಿ ಒಂದು ಪಾಲು ತೆಳುವಾಗಿರುವುದರಿಂದ ಇಲ್ಲಿ ಓಟ ಇನ್ನೂ ಉದ್ದವಾಗಬೇಕಾಗುತ್ತದೆ. ಗಾಳಿಯಾಡದೆ ನೀರು ಕನ್ನಡಿಯಂತಿರುವ ಮುಂಜಾವಿನಲ್ಲಿ ಹಾರುವ ದೋಣಿಗಳಿಗೆ ಏಳುವುದು ಇನ್ನೂ ಕಷ್ಟ; ಆಗ ಬೇರೊಂದು ಮೋಟಾರು ದೋಣಿಯನ್ನು ಮುಂದೆ ಓಡಿಸಿ ನೀರನ್ನು ಕಲಕಿ ತೆರೆಯೆಬ್ಬಿಸುವ ಪದ್ಧತಿಯೂ ಉಂಟು. ತೆರೆಯ ಸಂದಿನಲ್ಲಿ ಗಾಳಿ ಅಡಿಗೆ ಸೇರುತ್ತದೆಂಬುದೇ ಕಾರಣ.

ಹಾರುವ ದೋಣಿಗೆ ಒಂದು ಅನುಕೂಲವಿದೆ. ಅದರ ಪ್ರೊಪೆಲ್ಲರುಗಳು ಗಾಳಿಯಲ್ಲಿರುವುದರಿಂದ ನಿಂತಲ್ಲಿಯೇ ಯಂತ್ರ ಪೂರ್ಣ ವೇಗದಲ್ಲಿ ತಿರುಗಬಲ್ಲುದು. ಹಿಕ್‌ಮನ್ನನ ಮಾರ್ಗವನ್ನು ಹಿಡಿದ ಭಾರಿ ದೋಣಿಗಳಿಗೆ ಈ ಅನುಕೂಲವಿಲ್ಲ. ೧೯೮೦ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಹೊವರ್ಡ್ ಆರ್ನೆಸನ್ ಎಂಬಾತ ಹಿಕ್‌ಮನ್ನನ ತತ್ವಕ್ಕೆ ಹೊಸ ಯಂತ್ರರೂಪವನ್ನು ಕೊಟ್ಟನು. ಈತ ಅದಕ್ಕೆ ಮೊದಲು ಈಜುಕೊಳಗಳನ್ನು ತಾನಾಗಿ ಗುಡಿಸುವ ಸಾಧನವನ್ನು ಕಂಡುಹಿಡಿದು ಹೆಸರಾಗಿದ್ದವನು. ಅವನ ಏರ್ಪಾಡಿನಲ್ಲಿ ಪ್ರೊಪೆಲ್ಲರಿನ ದಂಡ ದೋಣಿಯ ಹಿಂಗೋಡೆಯಿಂದ ನೇರವಾಗಿ ಹಿಂದಕ್ಕೆ ಚಾಚಿರುತ್ತದೆ. ಗುಂಡಾದ ಒಂದು ಕೀಲಿನ ಮೇಲೆ ಅದನ್ನು ಮೇಲಕ್ಕೂ ಕೆಳಕ್ಕೂ ಎಡಕ್ಕೂ ಬಲಕ್ಕೂ ಹೊರಳಿಸಬಹುದು. ರೆಕ್ಕೆ ನೀರಿನಲ್ಲಿ ಎಷ್ಟು ಮುಳುಗಬೇಕೆಂಬುದನ್ನು ಚಾಲಕನು ಓಡುತ್ತಿರುವಾಗಲೇ ನಿರ್ಣಯಿಸಬಲ್ಲನು.

ದೋಣಿ ಮೇಲೆದ್ದು ಓಡುವಾಗ ಈ ಪ್ರೊಪೆಲ್ಲರಿಗೆ ಸಾಟಿಯಿಲ್ಲ. ಆದರೆ ನಿಂತ ದೋಣಿ ಆಳಕ್ಕೆ ಇಳಿದಿರುತ್ತದೆ. ಅರ್ಧ ಮುಳುಗಬೇಕಾದ ಪ್ರೊಪೆಲ್ಲರು ಆಗ ಪೂರ್ತಿ ಮುಳುಗಿರುತ್ತದೆ. ಅರ್ಧ ಕೆಲಸಕ್ಕೆಂದು ದೊಡ್ಡದಾಗಿ ಮಾಡಿದ ರೆಕ್ಕೆಗಳು ಪೂರ್ಣ ಕೆಲಸಕ್ಕೆ ಸಿಕ್ಕಿಬಿದ್ದು ಯಂತ್ರದ ಉಸಿರನ್ನು ಹಿಡಿಯುತ್ತವೆ. ಭಾರವಾದ ದೋಣಿಗಳಲ್ಲಿ ಸಾಮಾನ್ಯವಾಗಿರುವ ಡೀಸೆಲ್ ಯಂತ್ರಕ್ಕೆ ಅದರ ಹೊಗೆಯ ಬಲದಿಂದಲೇ ತಿರುಗಿ ಗಾಳಿಯನ್ನು ತುಂಬುವ ಟರ್ಬೋ ಎಂಬ ತಿದಿ ಇರುತ್ತದೆ. ಯಂತ್ರ ವೇಗವಾಗಿ ತಿರುಗಿದರಲ್ಲದೆ ತಿದಿಗೆ ಬಲವಿಲ್ಲ. ತಿದಿಗೆ ಬಲ ಬಂದಲ್ಲದೆ ಯಂತ್ರ ವೇಗವಾಗಿ ತಿರುಗದು. ಫಲವೇನೆಂದರೆ ಕಪ್ಪು ಹೊಗೆಯೇಳುತ್ತದೆ, ಮೂತಿ ಆಕಾಶವನ್ನು ನೋಡುತ್ತದೆ, ದೋಣಿ ದಿಣ್ಣೆಯ ಈಚೆಗೇ ನಿಲ್ಲುತ್ತದೆ. ಸಾವಿರಾರು ಅಶ್ವಶಕ್ತಿಯ ದೋಣಿಯೊಂದು ಹತ್ತಿಪ್ಪತ್ತು ಮೈಲಿಯ ವೇಗದಲ್ಲಿಯೇ ಹೆಣಗಾಡುವುದಕ್ಕೆ ಕಾರಣವಿದು.

ಇದಕ್ಕೆ ಅನುಭವಿಗಳು ಕಂಡುಕೊಂಡಿರುವ ಉಪಾಯಗಳು ಕುತೂಹಲಕರವಾಗಿವೆ. ಮೊದಲನೆಯದು ಬಂಡಿಯವನ ಉಪಾಯ: ಜನರನ್ನೂ ಭಾರವನ್ನೂ ಮುಂದಕ್ಕೆ ಸರಿಸುವುದು, ಹಿಂಬದಿಯಲ್ಲಿ ಕೀಲುಹಾಕಿ ಕೂಡಿಸಿರುವ ಹಲಗೆಗಳನ್ನು ಕೆಳಕ್ಕೊತ್ತಿ ದೋಣಿಯ ಹಿಂಭಾಗವನ್ನು ಎತ್ತುವುದು. ಎರಡನೆಯದು, ಹೊರಡುವಾಗ ಪ್ರೊಪೆಲ್ಲರನ್ನು ಮೇಲಕ್ಕೆ ಹೊರಳಿಸಿ ಹಿಡಿತವನ್ನು ಬೇಕೆಂದೇ ಸಡಿಲಿಸುವುದು. ಮೂರನೆಯದು, ಪ್ರೊಪೆಲ್ಲರಿನ ಮುಂದಕ್ಕೆ ಕೊಳವೆಗಳ ಮೂಲಕ ಗಾಳಿಯನ್ನೋ ಯಂತ್ರದ ಹೊಗೆಯನ್ನೋ ಬಿಡುವುದು. ಗಾಳಿ ಬೆರೆತ ನೀರಿನಲ್ಲಿ ರೆಕ್ಕೆಗಳು ಜಾರುತ್ತವೆ. ಜಾರುವುದರಿಂದ ಯಂತ್ರ ವೇಗವಾಗಿ ತಿರುಗುತ್ತದೆ. ತಿರುಗಿದರೆ ತಿದಿಗೆ ಬಲ ಬರುತ್ತದೆ. ಆಗ ಪ್ರೊಪೆಲ್ಲರನ್ನು ಸ್ವಲ್ಪಸ್ವಲ್ಪವಾಗಿ ನೀರಿಗಿಳಿಸಿದರೆ ದೋಣಿ ದಿಣ್ಣೆಯನ್ನೇರಿ ಆಚೆಗಿಳಿಯುತ್ತದೆ. ದೋಣಿ ಎದ್ದೊಡನೆ ಆ ಕೊಳವೆಗಳ ಬಾಯಿ ನೀರಿನಿಂದ ಹೊರಗೆ ಬಂದು ಅವುಗಳ ಕೆಲಸ ತಾನಾಗಿ ಮುಗಿಯುತ್ತದೆ. ಇಷ್ಟಾದರೂ ಸಾಲದಿದ್ದರೆ ಏರಿಗೊಂದು ಬಯಲಿಗೊಂದು ಎಂಬಂತೆ ಎರಡು ವೇಗಗಳ ಗೇರನ್ನು ಇಡಬೇಕು. ಇಲ್ಲವೇ ರೆಕ್ಕೆಗಳನ್ನು ಚಿಕ್ಕದು ಮಾಡಿ, ಕೊನೆಯ ವೇಗದಲ್ಲಿ ಕೆಲವು ಮೈಲಿಗಳನ್ನು ಬಿಟ್ಟುಕೊಡಬೇಕು.

ಪಾದ್ರಿ ರೇಮಸನಿಂದ ಆರ್ನೆಸನ್ನನವರೆಗೆ ಈ ಚರಿತ್ರೆಯನ್ನು ಒಟ್ಟಾಗಿ ನೋಡಿದರೆ ಒಂದು ಸೂತ್ರ ಕಾಣುತ್ತದೆ. ಬಲವಿಲ್ಲದೆ ದಿಣ್ಣೆಯನ್ನು ಯಾರೂ ದಾಟಲಿಲ್ಲ. ಆದರೆ ಬಲವೊಂದರಿಂದಲೇ ದಾಟಿದವರೂ ಇಲ್ಲ. ದೋಣಿಯ ಅಡಿಯಲ್ಲಾಗಲಿ, ಪ್ರೊಪೆಲ್ಲರಿನ ಬೆನ್ನಿನಲ್ಲಾಗಲಿ, ನ್ಯೂನತೆಯೆಂದು ತೋರಬಹುದಾಗಿದ್ದ ಒಂದು ಒಡಕನ್ನು ಬಿಟ್ಟು ಗಾಳಿಗೆ ದಾರಿ ಕೊಟ್ಟವರೇ ಗೆದ್ದರು. ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲಿಸಬೇಕು ಎಂಬುದನ್ನು ಕಲಿಯುವುದಕ್ಕೆ ನೂರು ವರ್ಷಗಳು ಹಿಡಿದುವು.

ಇನ್ನು ಬೆಳ್ಳಂದೂರಿನ ಮಾತು. ಯುದ್ಧ ಮುಗಿಯಿತು, ಕಾರ್ಖಾನೆ ಬೆಳೆಯಿತು, ಹಾರುವ ದೋಣಿಗಳ ಕಾಲವೂ ಕಳೆಯಿತು. ಬೆಂಗಳೂರು ಬೆಳೆದಂತೆ ನಗರದ ಕೊಳಚೆ ಆ ಕೆರೆಗೆ ಇಳಿಯಿತು. ಸಾಬೂನಿನ ಪದಾರ್ಥಗಳಿಂದ ತುಂಬಿದ ನೀರು ಕೋಡಿಯಲ್ಲಿ ಧುಮುಕುವಾಗ ಗಾಳಿಯೊಡನೆ ಕಲೆತು ಬೆಟ್ಟದಂತಹ ನೊರೆಯಾಗಿ ಬೀದಿಗೆ ಹಾರಿತು. ೨೦೧೫ರಲ್ಲಿ ಆ ನೊರೆಗೆ ಬೆಂಕಿಯೂ ಹತ್ತಿತು. ನೀರೂ ಗಾಳಿಯೂ ಅವೇ. ಒಂದು ಕಡೆ ಜನರು ಅವುಗಳ ಕೂಟವನ್ನು ವಿವೇಕದಿಂದ ಬಳಸಿ ಹದಿನೈದು ಟನ್ನಿನ ದೋಣಿಯನ್ನು ಎತ್ತಿದರು, ಇನ್ನೊಂದು ಕಡೆ ಅಲಕ್ಷ್ಯದಿಂದ ಕೆರೆಯನ್ನೇ ಕೆಡಿಸಿದರು. ಯಾವ ಕೆರೆಯ ಮೇಲೆ ಕಟಲೀನಾಗಳು ಓಡಿದುವೋ ಅಲ್ಲಿ ಆಮೇಲೆ ಒಂದು ಹರಿಗೋಲೂ ನೆಮ್ಮದಿಯಾಗಿ ತೇಲದ ಸ್ಥಿತಿ ಬಂದಿತು.

ಆದರೆ ನೀರಿನ ನಂಟು ಅಲ್ಲಿಗೇ ಕಡಿಯಲಿಲ್ಲ. ಬೆಳ್ಳಂದೂರಿನ ಕೋಡಿಯ ನೀರು ವರ್ತೂರು ಕೆರೆಯನ್ನು ಹಾಯ್ದು ಸೇರುವುದು ದಕ್ಷಿಣ ಪಿನಾಕಿನಿಯನ್ನು. ಅದು ನಂದಿಯ ಬೆಟ್ಟಗಳಲ್ಲಿ ಹುಟ್ಟಿದ ನದಿ. ೨೦೧೮ರಿಂದ ಆ ಕಣಿವೆಯ ಕೊಳಚೆ ನೀರನ್ನು ಶುದ್ಧಿಮಾಡಿ ಕೊಳವೆಗಳ ಮೂಲಕ ಕೋಲಾರದ ಕೆರೆಗಳಿಗೆ ಏರಿಸುತ್ತಿದ್ದಾರೆ. ಚಿಂತಾಮಣಿ ತಾಲ್ಲೂಕಿನ ಕೆಲವು ಕೆರೆಗಳೂ ಆ ಯೋಜನೆಗೆ ಸೇರಿವೆ. ಹೆಬ್ಬಾಳ ಮತ್ತು ನಾಗವಾರದ ಕಣಿವೆಯ ನೀರು ಹಾಗೆಯೇ ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಹೋಗುತ್ತದೆ. ಆ ನೀರು ಎಷ್ಟು ಶುದ್ಧವಾಗಿರಬೇಕು, ಇನ್ನೂ ಒಂದು ಹಂತದ ಶುದ್ಧೀಕರಣ ಬೇಕಲ್ಲವೇ ಎಂದು ಅಲ್ಲಿಯ ರೈತರು ಕೇಳುತ್ತಲೇ ಇದ್ದಾರೆ. ಅವರ ಪ್ರಶ್ನೆ ನ್ಯಾಯವಾದುದೆಂದು ನಮ್ಮ ಅಭಿಪ್ರಾಯ. ಒಂದು ಕೆರೆಯನ್ನು ಕೆಡಿಸಿದ ನೀರು ಇನ್ನೊಂದನ್ನು ಕೆಡಿಸಬಾರದು.

ಒಣಗಿದ ಕೆರೆಗಳಿಗೆ ನೀರು ಬಂದುದರಿಂದ ಏರಿಯ ಮೇಲೆ ಹುಡುಗರು ಮತ್ತೆ ನಿಲ್ಲುತ್ತಾರೆ. ಅವರಲ್ಲೊಬ್ಬನು ಮಡಕೆಯ ಓಡನ್ನು ಬೀಸಿ ಎಸೆದು ಅದರ ನೆಗೆತಗಳನ್ನು ಎಣಿಸಿಯಾನು. ಅದು ನೆಗೆಯುವುದೇಕೆಂದು ಅವನು ಕೇಳಿದರೆ ನಾವು ರೇಮಸನ ಕಥೆಯನ್ನೂ ಫ್ರೌಡನ ತೊಟ್ಟಿಯ ಕಥೆಯನ್ನೂ ಬೆಳ್ಳಂದೂರಿನಲ್ಲಿ ಎದ್ದ ಹಾರುವ ದೋಣಿಗಳ ಕಥೆಯನ್ನೂ ಹೇಳಬಹುದು. ಕೇಳುವ ಹುಡುಗನಿರಬೇಕಾದರೆ ಓಡನ್ನು ಎಸೆಯುವುದಕ್ಕೆ ತಿಳಿಯಾದ ನೀರಿರುವ ಕೆರೆಯೂ ಇರಬೇಕು. ಅದನ್ನು ಉಳಿಸಿಕೊಡುವುದು ನಮ್ಮ ಕೆಲಸ.